ಸ್ತನ ಕ್ಯಾನ್ಸರ್: 5 ವರ್ಷ ದಾಟಿದರೆ ಪಾರಾದಂತೆಯೇ? ಗಡ್ಡೆಯ ಬಗೆ ನೋಡಿ ಫಾಲೋಅಪ್ ಇಡುವುದು ಹೇಗೆ?

ಚಿಂಚೋಳಿ_ಸಿಎಚ್‌ಒ

ಎಲ್ಲರಿಗೂ ನಮಸ್ಕಾರ್ರಿ. ಚಿಂಚೋಳಿ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇದ್ದೇನೆ. ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಊರಿಗೆ ಬಂದ ಹೆಣ್ಣುಮಕ್ಕಳ ಸಲುವಾಗಿ ಒಂದು ಫಾಲೋಅಪ್ ರಿಜಿಸ್ಟರ್ ಮಾಡಬೇಕಾಗಿದೆ. ಒಬ್ಬರು ಕಲಬುರಗಿಯಲ್ಲಿ ತೋರಿಸಿದವರು, ಇನ್ನೊಬ್ಬರು ಹೈದರಾಬಾದಿನಲ್ಲಿ, ಮತ್ತೊಬ್ಬರು ಸೊಲ್ಲಾಪುರ, ಬೆಂಗಳೂರು. ಫೈಲುಗಳಲ್ಲಿ ಒಂದೊಂದರಲ್ಲಿ ಒಂದೊಂದು ಇದೆ: ಒಬ್ಬರಿಗೆ 5 ವರ್ಷ ಗುಳಿಗೆ, ಒಬ್ಬರಿಗೆ 10 ವರ್ಷ, ಒಬ್ಬರಿಗೆ ಗುಳಿಗೆಯೇ ಇಲ್ಲ, ಇನ್ನೊಬ್ಬರಿಗೆ ವರ್ಷಪೂರ್ತಿ ಸೂಜಿ. ಮನೆಯವರು ಕೇಳುವುದು ಒಂದೇ ಮಾತು: "5 ವರ್ಷ ಆಯ್ತಲ್ಲ, ಇನ್ನ ಬರೂದಿಲ್ಲ ಹೌದಲ್ರಿ?"

ಯಾರಿಗೆ ಯಾವಾಗ ಮರುಕಳಿಸುವ ಅಪಾಯ ಹೆಚ್ಚು, ಯಾವ ಸಂಖ್ಯೆ ನಂಬಬಹುದು, ರಿಜಿಸ್ಟರಿನಲ್ಲಿ ಏನೇನು ಬರೆದುಕೊಳ್ಳಬೇಕು, ತಿಳಿದವರು ವಿವರವಾಗಿ ಹೇಳ್ರಿ. ಆಶಾ ಕಾರ್ಯಕರ್ತೆಯರಿಗೂ ತಿಳಿಸಿ ಹೇಳುವ ಹಾಗಿರಬೇಕು.

ಆಂಕಾಲಜಿ_ಕಲಬುರಗಿ

ಮೇಡಂ, ಹೆಸರು, ವಯಸ್ಸು ಆದ ತಕ್ಷಣ ಬರೆಯಬೇಕಾದದ್ದು ಇಆರ್, ಪಿಆರ್ (ಗಡ್ಡೆಯ ಜೀವಕೋಶದಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನ್ ಹಿಡಿಯುವ ರಿಸೆಪ್ಟರ್), ಹರ್-2 (ಗಡ್ಡೆ ಬೆಳೆಯಲು ಪ್ರಚೋದಿಸುವ ಪ್ರೋಟೀನ್) ಎಂಬ ಮೂರು ಫಲಿತಾಂಶ. ಆಮೇಲೆ ಆಪರೇಷನ್ ದಿನಾಂಕ, ಗಡ್ಡೆಯ ಅಳತೆ, ಕಂಕುಳಿನಲ್ಲಿ ಎಷ್ಟು ಗ್ರಂಥಿ ತೆಗೆದರು, ಅದರಲ್ಲಿ ಎಷ್ಟರಲ್ಲಿ ರೋಗ ಇತ್ತು, ಗ್ರೇಡ್ (ಜೀವಕೋಶಗಳು ಎಷ್ಟು ಉಗ್ರವಾಗಿ ಕಾಣುತ್ತವೆ ಎಂಬ ಅಂಕ) ಎಷ್ಟು. ಇಷ್ಟಿದ್ದರೆ ಆ ಹೆಣ್ಣುಮಗಳಿಗೆ ಯಾವ ವರ್ಷಗಳಲ್ಲಿ ಕಣ್ಣಿಟ್ಟಿರಬೇಕು ಎಂಬುದು ಮುಕ್ಕಾಲು ಪಾಲು ಗೊತ್ತಾಗುತ್ತದೆ. "5 ವರ್ಷ" ಎಂಬ ಗಡಿ ಎಲ್ಲ ಗಡ್ಡೆಗೂ ಒಂದೇ ಅಲ್ಲ.

ಮೊದಲು ಟ್ರಿಪಲ್ ನೆಗೆಟಿವ್, ಅಂದರೆ ಮೂರೂ ಇಲ್ಲದ್ದು. ಇದರ ಅಪಾಯವೆಲ್ಲ ಆರಂಭದ ವರ್ಷಗಳಲ್ಲಿ ಕೂತಿರುತ್ತದೆ. ಪತ್ತೆಯಾದ ಮೊದಲ 3 ವರ್ಷ ತುತ್ತತುದಿ, ನಂತರ ಜೋರಾಗಿ ಇಳಿಯುತ್ತದೆ. ಟೊರಾಂಟೊದಿಂದ 2007ರಲ್ಲಿ ಬಂದ ಪ್ರಸಿದ್ಧ ಅಧ್ಯಯನದಲ್ಲಿ ಈ ಗುಂಪಿನವರಿಗೆ 8 ವರ್ಷದ ನಂತರ ದೂರದ ಅಂಗಗಳಲ್ಲಿ ಮರುಕಳಿಸಿದ್ದು ಕಾಣಲೇ ಇಲ್ಲ. ಮರುಕಳಿಸಿದರೆ ಶ್ವಾಸಕೋಶ, ಮಿದುಳು, ಯಕೃತ್ತಿನ ಕಡೆ ಒಲವು ಜಾಸ್ತಿ. ಆದ್ದರಿಂದ ಈ ಗುಂಪಿನವರು 5 ವರ್ಷ ಆರೋಗ್ಯವಾಗಿ ದಾಟಿದರೆ "ದೊಡ್ಡ ಗಂಡಾಂತರ ಕಳೆಯಿತು" ಎಂದು ಧೈರ್ಯವಾಗಿ ಹೇಳಬಹುದು. ಎಲ್ಲರಿಗೂ "ಟ್ರಿಪಲ್ ನೆಗೆಟಿವ್ ಅಂದ್ರೆ ಮುಗೀತು" ಎಂದು ಹೆದರಿಸುವುದು ತಪ್ಪು. ಆಪರೇಷನ್‌ಗೆ ಮೊದಲೇ ಕೀಮೋ ಕೊಟ್ಟು, ತೆಗೆದ ಭಾಗದಲ್ಲಿ ಜೀವಂತ ಕ್ಯಾನ್ಸರ್ ಏನೂ ಉಳಿದಿಲ್ಲ ಎಂದು ಬಂದಿದ್ದರೆ ಅವರ ಭವಿಷ್ಯ ಬಹಳ ಚೆನ್ನಾಗಿರುತ್ತದೆ. ಉಳಿದಿದ್ದರೆ ಕ್ಯಾಪೆಸಿಟಬಿನ್ ಗುಳಿಗೆ 6ರಿಂದ 8 ಸುತ್ತು ಕೊಡುವ ಪದ್ಧತಿ ಇದೆ. ಅದರ ಪ್ರಯೋಗದಲ್ಲಿ ಟ್ರಿಪಲ್ ನೆಗೆಟಿವ್ ಗುಂಪಿನಲ್ಲಿ 5 ವರ್ಷ ರೋಗವಿಲ್ಲದೆ ಉಳಿದವರು ಗುಳಿಗೆ ತೆಗೆದುಕೊಂಡವರಲ್ಲಿ ಸುಮಾರು 70%, ತೆಗೆದುಕೊಳ್ಳದವರಲ್ಲಿ 56%. ಹಾಗಾಗಿ ಆಪರೇಷನ್ ನಂತರದ ಪೆಥಾಲಜಿ ವರದಿಯಲ್ಲಿ "ಉಳಿದ ಕ್ಯಾನ್ಸರ್" ಇದೆಯೋ ಇಲ್ಲವೋ ಎಂಬುದಕ್ಕೂ ಒಂದು ಕಾಲಂ ಇಡಿ.

ಹರ್-2 ಪಾಸಿಟಿವ್. ಹರ್-2 ತಡೆಯುವ ಸೂಜಿ ಔಷಧ ಟ್ರಾಸ್ಟುಝುಮಾಬ್ ಬರುವುದಕ್ಕೆ ಮೊದಲು ಇದೂ ಬೇಗ ಮರುಕಳಿಸುವ ರೋಗವೇ. ಕೀಮೋ ಜೊತೆಗೆ ಈ ಔಷಧ ಸೇರಿಸಿದಾಗ ಮರುಕಳಿಕೆ ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು, ಸಾವೂ ಅಷ್ಟೇ ಪ್ರಮಾಣದಲ್ಲಿ ಇಳಿಯಿತು. ಈ ಗುಂಪಿನೊಳಗೆ ಇನ್ನೊಂದು ಸೀಳು ಇದೆ: ಇಆರ್ ನೆಗೆಟಿವ್ ಆಗಿದ್ದರೆ ಅಪಾಯ ಮೊದಲ 5 ವರ್ಷದಲ್ಲೇ ಹೆಚ್ಚು, ಇಆರ್ ಪಾಸಿಟಿವ್ ಕೂಡ ಇದ್ದರೆ ತಡವಾಗಿ ಬರುವುದೂ ಉಂಟು. ಅಂಥವರಿಗೆ ವರ್ಷದ ಸೂಜಿ ಮುಗಿದ ಮೇಲೂ ಹಾರ್ಮೋನ್ ಗುಳಿಗೆ (ಈಸ್ಟ್ರೋಜನ್ ಕೆಲಸ ತಡೆಯುವ ಗುಳಿಗೆ) ವರ್ಷಗಟ್ಟಲೆ ಇರುತ್ತದೆ. "ಸೂಜಿ ಮುಗೀತು, ಎಲ್ಲಾ ಮುಗೀತು" ಎಂದು ಗುಳಿಗೆ ಬಿಟ್ಟವರು ಇಲ್ಲಿ ಕಾಣಸಿಗುತ್ತಾರೆ. ಆ ಹೆಸರುಗಳಿಗೆ ಕೆಂಪು ಗುರುತು ಹಾಕಿ.

ಇನ್ನು ಇಆರ್ ಪಾಸಿಟಿವ್, ಹರ್-2 ನೆಗೆಟಿವ್. ಎಲ್ಲಕ್ಕಿಂತ ಹೆಚ್ಚು ಜನ ಇರುವುದು ಈ ಗುಂಪಿನಲ್ಲಿ. "ಒಳ್ಳೆ ಬಗೆ" ಎಂದು ಹೇಳಿ ಕಳಿಸುವುದೂ ಇವರನ್ನೇ. ಮೊದಲ 5 ವರ್ಷದ ಮಟ್ಟಿಗೆ ಆ ಮಾತು ನಿಜ, 20 ವರ್ಷದ ಮಟ್ಟಿಗೆ ಅರ್ಧ ನಿಜ. 2017ರಲ್ಲಿ 88 ಪ್ರಯೋಗಗಳ 62,923 ಮಹಿಳೆಯರ ವಿವರ ಒಟ್ಟುಗೂಡಿಸಿ ನೋಡಿದರು. ಎಲ್ಲರೂ ಇಆರ್ ಪಾಸಿಟಿವ್, ಎಲ್ಲರಿಗೂ 5 ವರ್ಷದ ಹಾರ್ಮೋನ್ ಚಿಕಿತ್ಸೆ ನಿಗದಿಯಾಗಿತ್ತು, 5ನೇ ವರ್ಷಕ್ಕೆ ಯಾರಲ್ಲೂ ರೋಗ ಇರಲಿಲ್ಲ. ಅಲ್ಲಿಂದ 20ನೇ ವರ್ಷದವರೆಗೆ ದೂರದ ಅಂಗಗಳಲ್ಲಿ ಮರುಕಳಿಸಿದ ಪ್ರಮಾಣ ಹೀಗಿದೆ. ಗಡ್ಡೆ 2 ಸೆಂ.ಮೀ. ಒಳಗಿದ್ದು ಕಂಕುಳ ಗ್ರಂಥಿಯಲ್ಲಿ ರೋಗ ಇಲ್ಲದಿದ್ದರೆ 13%, 1ರಿಂದ 3 ಗ್ರಂಥಿಯಲ್ಲಿ ಇದ್ದರೆ 20%, 4ರಿಂದ 9ರಲ್ಲಿ ಇದ್ದರೆ 34%. ಗಡ್ಡೆ 2ರಿಂದ 5 ಸೆಂ.ಮೀ. ಇದ್ದರೆ ಅದೇ ಕ್ರಮದಲ್ಲಿ 19%, 26%, 41%. ಯಾವುದೋ ಒಂದು ವರ್ಷದಲ್ಲಿ ಏರಿ ಇಳಿಯಲಿಲ್ಲ, ವರ್ಷ ವರ್ಷವೂ ಸ್ವಲ್ಪ ಸ್ವಲ್ಪವೇ ಸಮನಾಗಿ ಸೇರುತ್ತಾ ಹೋಯಿತು.

ಈ ಸಂಖ್ಯೆಗಳನ್ನು ರೋಗಿಯ ಮುಂದೆ ಹಾಗೇ ಓದಿ ಹೇಳಬೇಡಿ. 20 ವರ್ಷದ ಫಲಿತಾಂಶ ಬರಬೇಕಾದರೆ 20 ವರ್ಷದ ಹಿಂದೆ ಚಿಕಿತ್ಸೆ ಪಡೆದವರನ್ನೇ ನೋಡಬೇಕು. ಇಂದಿನ ಔಷಧಗಳಲ್ಲಿ ಅಪಾಯ ಇದಕ್ಕಿಂತ ಕಡಿಮೆ ಇರುವ ಸಾಧ್ಯತೆ ಹೆಚ್ಚು. ಸಂಖ್ಯೆ ಹೇಳಬೇಕೆಂದರೆ ತಿರುಗಿಸಿ ಹೇಳಿ: ಚಿಕ್ಕ ಗಡ್ಡೆ, ಗ್ರಂಥಿ ಸ್ವಚ್ಛ ಇದ್ದವರಲ್ಲಿ 100ಕ್ಕೆ 87 ಮಂದಿಗೆ ಆ 15 ವರ್ಷದಲ್ಲಿ ದೂರದ ಅಂಗಗಳಿಗೆ ಹರಡಲಿಲ್ಲ.

5 ವರ್ಷವೋ 10 ವರ್ಷವೋ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಟ್ಯಾಮಾಕ್ಸಿಫೆನ್ 5 ವರ್ಷ ತೆಗೆದುಕೊಂಡರೆ 15 ವರ್ಷದ ಅವಧಿಯಲ್ಲಿ ಸ್ತನ ಕ್ಯಾನ್ಸರಿನ ಸಾವು ಮೂರರಲ್ಲಿ ಒಂದು ಪಾಲು ತಗ್ಗುತ್ತದೆ. 2013ರಲ್ಲಿ ಬಂದ ಅಟ್ಲಾಸ್ ಪ್ರಯೋಗದಲ್ಲಿ 10 ವರ್ಷಕ್ಕೆ ಮುಂದುವರಿಸಿದಾಗ, 5ರಿಂದ 14ನೇ ವರ್ಷದವರೆಗಿನ ಮರುಕಳಿಕೆ 25.1%ರಿಂದ 21.4%ಕ್ಕೆ ಇಳಿಯಿತು, ಸಾವು 15%ರಿಂದ 12.2%ಕ್ಕೆ. ಅದಕ್ಕೆ ತೆತ್ತ ಬೆಲೆ: ಗರ್ಭಕೋಶದ ಒಳಪದರದ ಕ್ಯಾನ್ಸರ್ 1.6%ರಿಂದ 3.1%ಕ್ಕೆ ಏರಿತು. ಆದ್ದರಿಂದ ಗ್ರಂಥಿಯಲ್ಲಿ ರೋಗ ಇದ್ದವರಿಗೆ, ದೊಡ್ಡ ಗಡ್ಡೆಯವರಿಗೆ ಮುಂದುವರಿಸುತ್ತೇವೆ. ಸಣ್ಣ ಗಡ್ಡೆ, ಕಡಿಮೆ ಗ್ರೇಡ್, ಗ್ರಂಥಿ ಸ್ವಚ್ಛ ಇದ್ದವರಿಗೆ 5ಕ್ಕೆ ನಿಲ್ಲಿಸುವುದು ಸರಿ. ಮುಟ್ಟು ನಿಂತವರಿಗೆ ಕೊಡುವ ಲೆಟ್ರೊಝೋಲ್, ಅನಾಸ್ಟ್ರೊಝೋಲ್ ಬಗೆಯವುಗಳನ್ನು ಸೇರಿಸಿ ಹಾರ್ಮೋನ್ ಚಿಕಿತ್ಸೆ ಒಟ್ಟು 7 ವರ್ಷ ಆದರೂ 10 ವರ್ಷ ಆದರೂ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ, 10ರಲ್ಲಿ ಮೂಳೆ ಮುರಿತ ಮಾತ್ರ ಹೆಚ್ಚಾಯಿತು ಎಂದು 2021ರ ಆಸ್ಟ್ರಿಯಾದ ಪ್ರಯೋಗ ಹೇಳುತ್ತದೆ.

ವರದಿಯಲ್ಲಿ "ಲೋಬುಲರ್" (ಹಾಲು ತಯಾರಾಗುವ ಗ್ರಂಥಿಯ ಬಗೆ) ಎಂದಿದ್ದರೆ ಬೇರೆ ಗುರುತು ಹಾಕಿ. ಅದು ತಡವಾಗಿ, ಹೊಟ್ಟೆಯ ಪೊರೆ, ಕರುಳು, ಅಂಡಾಶಯದಂಥ ಅನಿರೀಕ್ಷಿತ ಜಾಗದಲ್ಲಿ ಕಾಣಿಸಿಕೊಳ್ಳಬಹುದು. 9 ವರ್ಷದ ನಂತರ ಹೊಟ್ಟೆ ಉಬ್ಬರ ಎಂದು ಬಂದರೆ ಗ್ಯಾಸ್ ಗುಳಿಗೆ ಕೊಟ್ಟು ಕಳಿಸುವ ಮುಂಚೆ ಹಳೆಯ ಫೈಲ್ ತೆಗೆದು ನೋಡಬೇಕು.

ಪೆಥಾಲಜಿ_ಲ್ಯಾಬ್

ಡಾಕ್ಟರು ಹೇಳಿದ್ದೆಲ್ಲ ವರದಿ ಸರಿಯಿದ್ದರೆ ಮಾತ್ರ ನಿಲ್ಲುತ್ತದೆ. ತಪ್ಪು ವರದಿಯ ಮೂಲ ಹೆಚ್ಚಿನ ಸಲ ಲ್ಯಾಬ್ ಅಲ್ಲ, ಆಪರೇಷನ್ ಥಿಯೇಟರಿನ ಡಬ್ಬಿ.

ತೆಗೆದ ಭಾಗ 1 ಗಂಟೆಯೊಳಗೆ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ ಬೀಳಬೇಕು. ಅದರಲ್ಲಿ ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ. ಫಾರ್ಮಲಿನ್ ಅಳತೆ ಅಂಗಾಂಶದ 10 ಪಟ್ಟು. ಇಡೀ ಸ್ತನವನ್ನು ಕತ್ತರಿಸದೆ ಹಾಗೇ ಡಬ್ಬಿಗೆ ತುರುಕಿದರೆ ದ್ರಾವಣ ಗಂಟೆಗೆ ಸುಮಾರು 1 ಮಿ.ಮೀ. ಮಾತ್ರ ಒಳಗಿಳಿಯುತ್ತದೆ, ಕೊಬ್ಬಿನಲ್ಲಿ ಇನ್ನೂ ನಿಧಾನ. ಒಳಗಿರುವ ಗಡ್ಡೆ ಅಷ್ಟರಲ್ಲಿ ಕೊಳೆಯಲು ಶುರುವಾಗಿರುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಕೇಳುವುದೇ ಬೇಡ. ಸಲೈನ್‌ನಲ್ಲಿ ಹಾಕಿ ಮರುದಿನ ಬಸ್ಸಿನಲ್ಲಿ ಕಳಿಸಿದರೆ ಇಆರ್ ಅಳಿಸಿಹೋಗಿ ಸುಳ್ಳು ನೆಗೆಟಿವ್ ಬರುತ್ತದೆ. ಹಾಗೆ "ಟ್ರಿಪಲ್ ನೆಗೆಟಿವ್" ಹಣೆಪಟ್ಟಿ ಬಿದ್ದ ಹೆಣ್ಣುಮಗಳಿಗೆ ಸಿಗಬೇಕಾದ ಗುಳಿಗೆ ಯಾವತ್ತೂ ಸಿಗುವುದಿಲ್ಲ.

ಬಫರ್ಡ್ ಫಾರ್ಮಲಿನ್ ಸಿಗದ ಆಸ್ಪತ್ರೆಯವರು ತಾವೇ ತಯಾರಿಸಬಹುದು. ಅಂಗಡಿಯ ಫಾರ್ಮಲಿನ್ 100 ಮಿ.ಲೀ., ಶುದ್ಧೀಕರಿಸಿದ ನೀರು 900 ಮಿ.ಲೀ., ಮೊನೊಹೈಡ್ರೇಟ್ ರೂಪದ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ನೀರಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ದೊಡ್ಡ ಗಡ್ಡೆಯಾದರೆ ಹಿಂಬದಿಯಿಂದ 1 ಸೆಂ.ಮೀ. ಅಂತರದಲ್ಲಿ ಸೀಳಿ ನಡುವೆ ಗಾಜ್ ಬಟ್ಟೆ ಇಟ್ಟು ಮುಳುಗಿಸಿ. ಡಬ್ಬಿಯ ಮೇಲೆ ತೆಗೆದ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ ಎರಡನ್ನೂ ಬರೆಯಿರಿ.

ಸಿಎಚ್‌ಒ ಮೇಡಂ, ನಿಮ್ಮ ಕೈಗೆ ಬರುವ ವರದಿಯಲ್ಲಿ ಅನುಮಾನಿಸಬೇಕಾದ ಗುರುತುಗಳಿವೆ. ಗ್ರೇಡ್ 1, ಲೋಬುಲರ್, ಟ್ಯೂಬುಲರ್ ಅಥವಾ ಮ್ಯೂಸಿನಸ್ ಎಂದು ಬರೆದು ಇಆರ್ ನೆಗೆಟಿವ್ ಎಂದಿದ್ದರೆ ಮರುಪರೀಕ್ಷೆ ಕೇಳಲೇಬೇಕು, ಈ ಗಡ್ಡೆಗಳು ಸಾಮಾನ್ಯವಾಗಿ ಪಾಸಿಟಿವ್. ಹರ್-2 "2+" ಎಂದಿದ್ದು ಫಿಶ್ ಪರೀಕ್ಷೆ (ಹರ್-2 ಜೀನ್ ಪ್ರತಿಗಳು ಹೆಚ್ಚಿವೆಯೇ ನೋಡುವುದು) ಆಗಿಲ್ಲದಿದ್ದರೆ ಆ ಫಲಿತಾಂಶ ಅರ್ಧಕ್ಕೆ ನಿಂತಿದೆ ಎಂದರ್ಥ. 0 ಮತ್ತು 1+ ನೆಗೆಟಿವ್, 3+ ಪಾಸಿಟಿವ್. ಇಆರ್ 1%ರಿಂದ 10% ಎಂದಿದ್ದರೆ ಕಾಗದದ ಮೇಲೆ ಪಾಸಿಟಿವ್, ನಡವಳಿಕೆ ಬಹುಪಾಲು ಟ್ರಿಪಲ್ ನೆಗೆಟಿವ್‌ನದು. ಅಂಥವರನ್ನು ಮೊದಲ 3 ವರ್ಷ ಟ್ರಿಪಲ್ ನೆಗೆಟಿವ್‌ನಷ್ಟೇ ಬಿಗಿಯಾಗಿ ನೋಡಿಕೊಳ್ಳಿ.

ಪ್ಯಾರಾಫಿನ್ ಬ್ಲಾಕ್ (ಗಡ್ಡೆಯ ತುಣುಕನ್ನು ಮೇಣದಲ್ಲಿ ಕಾಪಿಟ್ಟದ್ದು) ಸಂಖ್ಯೆಯನ್ನೂ ಬರೆದಿಡಿ. 12 ವರ್ಷದ ನಂತರ ಮೂಳೆಯಲ್ಲಿ ಏನಾದರೂ ಕಂಡರೆ ಹೊಸ ತುಣುಕಿನ ಪರೀಕ್ಷೆ ಜೊತೆ ಹಳೆಯದನ್ನೂ ಹೋಲಿಸಿ ನೋಡಬೇಕಾಗುತ್ತದೆ. ಮರುಕಳಿಸಿದಾಗ ಗಡ್ಡೆಯ ಬಗೆ ಬದಲಾಗಿರುವುದುಂಟು.

ಚಿಂಚೋಳಿ_ಸಿಎಚ್‌ಒ

ಭಾಳ ಉಪಕಾರ ಆಯ್ತು, ಸರ್. ಇನ್ನೆರಡು ಕೇಳ್ತೀನಿ. ಲೆಟ್ರೊಝೋಲ್ ತೆಗೆದುಕೊಳ್ಳುವವರೆಲ್ಲ ಮೊಣಕಾಲು, ಕೈಬೆರಳು ನೋವು ಅಂತಾರ. ಇದು ಗುಳಿಗೆಯ ನೋವೋ, ಮೂಳೆಗೆ ಹರಡಿದ್ದೋ ಊರಲ್ಲೇ ಗುರುತಿಸಲು ದಾರಿ ಇದೆಯೇ? ಎರಡನೆಯದು, ಅನುಕೂಲಸ್ಥರು ಪ್ರತಿ ವರ್ಷ ಪೆಟ್ ಸ್ಕ್ಯಾನ್ (ಇಡೀ ಮೈಯಲ್ಲಿ ಕ್ಯಾನ್ಸರ್ ಹುಡುಕುವ ಸ್ಕ್ಯಾನ್) ಮಾಡಿಸೋಣ ಅಂತಾರ. ಮಾಡಿಸಬೇಕಾ?

ಆಂಕೊ_ನರ್ಸ್_ಬೀದರ್

ಸಿಸ್ಟರ್, ನೋವಿನ ಮಾತು ಮೊದಲು. ಗುಳಿಗೆಯ ನೋವು ಎರಡೂ ಕಡೆ ಸಮ ಇರ್ತದ: ಎರಡೂ ಮೊಣಕಾಲು, ಎರಡೂ ಕೈಬೆರಳು. ಮುಂಜಾನೆ ಎದ್ದಾಗ ಬಿಗಿತ, ನಾಲ್ಕು ಹೆಜ್ಜೆ ಓಡಾಡಿದ ಮ್ಯಾಲ ಸಡಿಲ. ಹರಡಿದ ನೋವು ಒಂದೇ ಜಾಗದಾಗ ಕೂತು, ರಾತ್ರಿ ಮಲಗಿದಾಗ ಹೆಚ್ಚಾಗಿ, ವಾರದಿಂದ ವಾರಕ್ಕ ಏರತದ. ಬೆನ್ನೆಲುಬಿನ ಮ್ಯಾಲ ಬೆರಳಿಂದ ಮೆಲ್ಲಗ ತಟ್ಟಿದಾಗ ಒಂದೇ ಮಣಿ ಮ್ಯಾಲ ನೋವಾದರೆ ಸಂಶಯ ಪಡ್ರಿ. 2 ವಾರ ದಾಟಿದ ಇಂಥ ನೋವಿಗೆ ಎಕ್ಸ್‌ರೇ, ಕ್ಯಾಲ್ಸಿಯಂ, ಆಲ್ಕಲೈನ್ ಫಾಸ್ಫಟೇಸ್ (ಮೂಳೆಯ ಏರುಪೇರು ತೋರಿಸೂ ರಕ್ತ ಪರೀಕ್ಷೆ) ಮಾಡಿಸಿ ಕ್ಯಾನ್ಸರ್ ಡಾಕ್ಟರ ಕಡೆ ಕಳಿಸ್ರಿ. ಎಕ್ಸ್‌ರೇ ಸ್ವಚ್ಛ ಬಂತಂತ ಅಲ್ಲಿಗೇ ಬಿಡಬ್ಯಾಡ್ರಿ, ಮೂಳೆ ಸಾಕಷ್ಟು ಕರಗೋತನಕ ಎಕ್ಸ್‌ರೇದಾಗ ಕಾಣೂದಿಲ್ಲ.

ಬೆನ್ನು ನೋವಿನ ಜೊತೆ ಕಾಲಾಗ ಶಕ್ತಿ ಹೋದ್ರ, ಮೂತ್ರ ಕಟ್ಟಿದ್ರ, ಸೊಂಟದ ಕೆಳಗ ಜೋಮು ಬಂದ್ರ ಅವತ್ತೇ ಕಳಿಸಬೇಕು, ಸೋಮವಾರದ ಓಪಿಡಿಗೆ ಕಾಯೂದಲ್ಲ. ಬೆನ್ನುಹುರಿ ಒತ್ತಿದಾಗ ನಡೆಯೂ ಶಕ್ತಿ ಉಳಿಯೂದು ತಾಸಿನ ಲೆಕ್ಕದ ಮ್ಯಾಲ.

ನಮ್ಮ ಭಾಗಕ್ಕ ಸೇರಿದ ಒಂದು ತೊಡಕು ಐತಿ. ಕಲಬುರಗಿ, ಯಾದಗಿರಿ ಕಡೆ ಫ್ಲೋರೈಡ್ ನೀರು ಕುಡಿದ ಹಳ್ಳಿಗಳಾಗ ಬೆನ್ನು ಬಿಗಿತ, ದಟ್ಟ ಮೂಳೆ, ಏರಿದ ಆಲ್ಕಲೈನ್ ಫಾಸ್ಫಟೇಸ್ ಕ್ಯಾನ್ಸರ್ ಇಲ್ಲದವರಲ್ಲೂ ಇರ್ತಾವ. ಎಕ್ಸ್‌ರೇದಾಗ ಬೆಳ್ಳಗೆ ಕಂಡದ್ದೆಲ್ಲ ಹರಡಿದ್ದಲ್ಲ. ಡೆಕ್ಸಾ (ಮೂಳೆ ಸಾಂದ್ರತೆ ಅಳೆಯೂ) ಸ್ಕ್ಯಾನ್ ಮೂಳೆ ಗಟ್ಟಿ ಐತಿ ಅಂತ ತೋರಿಸಿದ್ರೂ ನಂಬೂಹಂಗಿಲ್ಲ, ಫ್ಲೋರೋಸಿಸ್ ಮೂಳೆ ದಟ್ಟ ಇದ್ದರೂ ಪೆಡಸು. ಕಳಿಸೂ ಚೀಟಿಯೊಳಗ "ಫ್ಲೋರೈಡ್ ನೀರಿನ ಊರು, ಹಲ್ಲಿನ ಮ್ಯಾಲ ಕಂದು ಕಲೆ" ಅಂತ ಒಂದು ಸಾಲು ಬರೀರಿ. ಬೆಂಗಳೂರು, ಹೈದರಾಬಾದಿನ ಡಾಕ್ಟರಿಗೆ ಇದು ತಾನಾಗೇ ಹೊಳೆಯೂದಿಲ್ಲ.

ಕೆಮ್ಮಿಂದೂ ಹಂಗ. 2 ವಾರದ ಕೆಮ್ಮಿಗೆ ಕಫ ಪರೀಕ್ಷೆ ನಾವು ಹೆಂಗೂ ಮಾಡಸ್ತೀವಿ. ಎದಿ ಆಪರೇಷನ್ ಆದವ್ವಗ ಕಫ ನೆಗೆಟಿವ್ ಬಂದ್ರ ಅಲ್ಲಿಗೆ ಮುಗಸಬ್ಯಾಡ್ರಿ, ಎಕ್ಸ್‌ರೇ ತೆಗೆಸಿ ಶ್ವಾಸಕೋಶದ ಸುತ್ತ ನೀರು ಐತೇನು ನೋಡ್ರಿ. ಟ್ರಿಪಲ್ ನೆಗೆಟಿವ್, ಹರ್-2 ಪಾಸಿಟಿವ್ ಇದ್ದವರು ಮುಂಜಾನೆ ತಲೆನೋವು, ವಾಂತಿ ಅಂದ್ರ ಪಿತ್ತ ಅಂತ ತಿಳಕೊಳ್ಳಬ್ಯಾಡ್ರಿ.

ಪೆಟ್ ಸ್ಕ್ಯಾನ್: ಲಕ್ಷಣ ಏನೂ ಇಲ್ಲದವರಿಗೆ ಬ್ಯಾಡ. ಬೇಗ ಹುಡುಕಿದ್ರ ಆಯುಷ್ಯ ಹೆಚ್ಚಾಗ್ತದ ಅಂತ ಯಾವ ಪ್ರಯೋಗದಾಗೂ ಸಿದ್ಧ ಆಗಿಲ್ಲ. ಸಿಎ 15-3 ಅನ್ನೂ ಕ್ಯಾನ್ಸರ್ ಗುರುತಿನ ರಕ್ತ ಪರೀಕ್ಷೆನೂ ಹಂಗ. ಖರೆ ಬೇಕಾದದ್ದು ಕೈಯಿಂದ ಮುಟ್ಟಿ ನೋಡೂದು: ಮೊದಲ 3 ವರ್ಷ 3ರಿಂದ 6 ತಿಂಗಳಿಗೊಮ್ಮೆ, 4 ಮತ್ತು 5ನೇ ವರ್ಷ 6ರಿಂದ 12 ತಿಂಗಳಿಗೊಮ್ಮೆ, ಆಮ್ಯಾಲ ವರ್ಷಕ್ಕೊಮ್ಮೆ. ವರ್ಷಕ್ಕೊಂದು ಮ್ಯಾಮೊಗ್ರಾಂ, ಸ್ತನ ಉಳಿಸಿ ರೇಡಿಯೇಷನ್ ಕೊಟ್ಟಿದ್ರ ಅದು ಮುಗಿದು 6 ತಿಂಗಳಾದ ಮ್ಯಾಲ ಮೊದಲನೇದು. ಒಂದು ಎದಿ ತೆಗೆದವರು ಇನ್ನೊಂದಕ್ಕ ಮಾಡಿಸೂದು ಮರೀತಾರ. ಆ ಕಡೆ ಹೊಸ ಕ್ಯಾನ್ಸರ್ ಆಗೂ ಸಾಧ್ಯತೆ 5 ವರ್ಷಕ್ಕ ನಿಲ್ಲೂದಿಲ್ಲ, ಬಿಆರ್‌ಸಿಎ ಜೀನ್ ದೋಷ (ಮನೆತನದಾಗ ಬರೂದು) ಇದ್ದವರಲ್ಲಂತೂ ಇನ್ನೂ ಹೆಚ್ಚು. ಹೊಲಿಗೆ ಹಾಕಿದ ಗೆರೆ ಮ್ಯಾಲ, ಕಂಕುಳ, ಕೊರಳಿನ ಎಲುಬಿನ ಮ್ಯಾಲಿನ ತಗ್ಗು ಈ ಮೂರು ಜಾಗ ಬೆರಳಿನ ಚಪ್ಪಟೆ ಭಾಗದಿಂದ ಸವರಿ ನೋಡ್ರಿ. ಗೆರೆ ಮ್ಯಾಲ ಅಕ್ಕಿಕಾಳಿನಷ್ಟು ಗಟ್ಟಿ ಗಂಟು ಸಿಕ್ಕರೂ ಸೂಜಿ ಪರೀಕ್ಷೆಗೆ ಕಳಿಸ್ರಿ.

ಫಾರ್ಮಸಿ_ಯಾದಗಿರಿ

ಗುಳಿಗೆ ಬಿಡುವುದೇ ನಮ್ಮ ಕಡೆ ದೊಡ್ಡ ಅಪಾಯ. ತೊಗರಿ ರಾಶಿ ಕಾಲಕ್ಕೆ ಔಷಧ ತೀರಿದರೂ ಪೇಟೆಗೆ ಬರುವುದಿಲ್ಲ. ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋದವರು ಅಲ್ಲಿ ಚೀಟಿ ಇಲ್ಲದೆ ನಿಲ್ಲಿಸಿಬಿಡುತ್ತಾರೆ. ಹೋಗುವ ಮುಂಚೆ 3 ತಿಂಗಳ ಗುಳಿಗೆ, ಚೀಟಿಯ ನಕಲು ಕೈಗೆ ಕೊಡಿ. ಟ್ಯಾಮಾಕ್ಸಿಫೆನ್ 20 ಮಿ.ಗ್ರಾಂ., ಲೆಟ್ರೊಝೋಲ್ 2.5 ಮಿ.ಗ್ರಾಂ., ಅನಾಸ್ಟ್ರೊಝೋಲ್ 1 ಮಿ.ಗ್ರಾಂ., ಯಾವುದಾದರೂ ದಿನಕ್ಕೊಂದೇ. ಜನೌಷಧಿ ಅಂಗಡಿಯಲ್ಲಿ ಕೇಳಿ, ಕಡಿಮೆ ಬೆಲೆಗೆ ಸಿಗುತ್ತವೆ. ಒಂದು ದಿನ ಮರೆತರೆ ಮರುದಿನ ಎರಡು ನುಂಗುವುದು ಬೇಡ. ಟ್ಯಾಮಾಕ್ಸಿಫೆನ್ ದೇಹದಲ್ಲಿ ದಿನಗಟ್ಟಲೆ ಉಳಿಯುತ್ತದೆ.

ಲೆಟ್ರೊಝೋಲ್ ಪಟ್ಟಿ ನೋಡಿ "ಇದು ಮಕ್ಕಳಾಗಲಿಕ್ಕೆ ಕೊಡೋ ಗುಳಿಗೆ" ಎಂದು ಅಂಗಡಿಯವರೋ ನೆಂಟರೋ ಹೇಳಿ ಗಾಬರಿ ಮಾಡುತ್ತಾರೆ. ಎರಡಕ್ಕೂ ಕೊಡುವುದು ನಿಜ. ಕಾರಣವನ್ನೂ ತಿಳಿದಿರಿ: ಅಂಡಾಶಯ ಕೆಲಸ ಮಾಡುತ್ತಿರುವವರಲ್ಲಿ ಇದು ಅಂಡಾಶಯವನ್ನು ಕೆರಳಿಸುತ್ತದೆ. ಆದ್ದರಿಂದಲೇ ಮುಟ್ಟು ನಿಲ್ಲದವರಿಗೆ ಕ್ಯಾನ್ಸರ್ ತಡೆಯಲು ಇದೊಂದನ್ನೇ ಕೊಡುವಂತಿಲ್ಲ, ಜೊತೆಗೆ ಅಂಡಾಶಯದ ಕೆಲಸ ನಿಲ್ಲಿಸುವ ಗೊಸೆರೆಲಿನ್ 3.6 ಮಿ.ಗ್ರಾಂ. ಸೂಜಿ 28 ದಿನಕ್ಕೊಮ್ಮೆ ಬೇಕು, ಅಥವಾ ಅಂಡಾಶಯ ತೆಗೆದಿರಬೇಕು. ಕೀಮೋದಿಂದ 38ರ ಹೆಣ್ಣುಮಗಳ ಮುಟ್ಟು ನಿಂತದ್ದನ್ನು ಕಾಯಂ ಎಂದು ತಿಳಿಯಬಾರದು. ಲೆಟ್ರೊಝೋಲ್ ಮೇಲಿದ್ದವರಿಗೆ ಮತ್ತೆ ಮುಟ್ಟು ಬಂದರೆ ಕೂಡಲೇ ಡಾಕ್ಟರಿಗೆ ತಿಳಿಸಿ. ಟ್ಯಾಮಾಕ್ಸಿಫೆನ್ ಮೇಲಿರುವವರಿಗೆ ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಗರ್ಭಕೋಶದ ಪರೀಕ್ಷೆ, ಒಂದೇ ಕಾಲು ಬಾತು ನೋವು ಬಂದರೆ ರಕ್ತ ಹೆಪ್ಪುಗಟ್ಟಿದೆಯೇ ಎಂದು ಡಾಪ್ಲರ್. ಗರ್ಭ ನಿರೋಧಕ್ಕೆ ಕಾಪರ್-ಟಿ ಅಥವಾ ನಿರೋಧ್, ಹಾರ್ಮೋನ್ ಮಾತ್ರೆ ಬೇಡ. ಮನಸ್ಸಿನ ಖಿನ್ನತೆಗೆ ಕೊಡುವ ಫ್ಲುಒಕ್ಸೆಟಿನ್, ಪ್ಯಾರಾಕ್ಸೆಟಿನ್ ಟ್ಯಾಮಾಕ್ಸಿಫೆನ್‌ನ ಬಲ ತಗ್ಗಿಸುತ್ತವೆ, ಬದಲಿಗೆ ಬೇರೆ ಔಷಧ ಕೇಳಿ.

ಟ್ರಾಸ್ಟುಝುಮಾಬ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಐಸ್ ಪ್ಯಾಕಿಗೆ ಸೀಸೆ ತಾಗಿದರೆ ಹೆಪ್ಪುಗಟ್ಟಿ ಕೆಡುತ್ತದೆ, ನಡುವೆ ದಪ್ಪ ಬಟ್ಟೆ ಸುತ್ತಿ. ಮೊದಲ ಸಲ ಕಿಲೋಗೆ 8 ಮಿ.ಗ್ರಾಂ., ಆಮೇಲೆ 3 ವಾರಕ್ಕೊಮ್ಮೆ ಕಿಲೋಗೆ 6. 50 ಕಿಲೋದವರಿಗೆ 400, ನಂತರ 300. 440 ಮಿ.ಗ್ರಾಂ. ಸೀಸೆಯಲ್ಲಿ ಉಳಿದದ್ದನ್ನು, ಜೊತೆಗೆ ಬಂದ ಬ್ಯಾಕ್ಟೀರಿಯೋಸ್ಟಾಟಿಕ್ ನೀರಿನಲ್ಲೇ ಕಲಸಿದ್ದರೆ, ಫ್ರಿಜ್ಜಿನಲ್ಲಿ 28 ದಿನ ಇಡಬಹುದು. ಮುಂದಿನ ಸೂಜಿಗೆ ಬರುತ್ತದೆ. ಬರೀ ಸ್ಟೆರೈಲ್ ನೀರಿನಲ್ಲಿ ಕಲಸಿದ್ದರೆ ಇಡುವಂತಿಲ್ಲ. ಡ್ರಿಪ್‌ಗೆ ನಾರ್ಮಲ್ ಸಲೈನ್ ಮಾತ್ರ, ಡೆಕ್ಸ್ಟ್ರೋಸ್ ಬೇಡ. ನಿಗದಿತ ದಿನಕ್ಕಿಂತ 1 ವಾರ ಮೀರಿ ತಡವಾದರೆ ಮತ್ತೆ 8ರ ಡೋಸಿನಿಂದ ಶುರು. ಈ ಔಷಧ ಹೃದಯವನ್ನು ದುರ್ಬಲ ಮಾಡಬಹುದು, ಹಾಗಾಗಿ 3 ತಿಂಗಳಿಗೊಮ್ಮೆ ಎಕೊ (ಹೃದಯದ ಸ್ಕ್ಯಾನ್) ಮಾಡಿಸಿ. ಅದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ, ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ.

ಚಿಂಚೋಳಿ_ಸಿಎಚ್‌ಒ

ಕೊನೇದೊಂದು. ಇಆರ್ ಪಾಸಿಟಿವ್, 2 ಗ್ರಂಥಿಯಲ್ಲಿ ರೋಗ ಇದ್ದವರು ಟ್ಯಾಮಾಕ್ಸಿಫೆನ್ 2 ವರ್ಷ ತೆಗೆದುಕೊಂಡು ಬಿಟ್ಟು ಒಂದೂವರೆ ವರ್ಷ ಆಗಿದ್ದರೆ, ಈಗ ಮತ್ತೆ ಶುರು ಮಾಡಿ ಉಪಯೋಗ ಇದೆಯೇ?

ಆಂಕಾಲಜಿ_ಕಲಬುರಗಿ

ಇದೆ. ಈ ಬಗೆಯ ಗಡ್ಡೆಯ ಅಪಾಯ ವರ್ಷಗಟ್ಟಲೆ ಉಳಿಯುವುದರಿಂದಲೇ ತಡವಾಗಿ ಶುರು ಮಾಡಿದ ಗುಳಿಗೆಯೂ ಕೆಲಸ ಮಾಡುತ್ತದೆ. ಬೈಯದೆ ಕರೆತನ್ನಿ, ಬೈದರೆ ಮುಂದಿನ ಸಲ ಬಿಟ್ಟದ್ದನ್ನು ಹೇಳುವುದೇ ಇಲ್ಲ. ಮೊದಲು ಏಕೆ ಬಿಟ್ಟರು ಕೇಳಿ: ಮೈ ಬಿಸಿಯೇ, ಬಿಳಿ ಹೋಗುವುದೇ, ದುಡ್ಡೇ, "ಗುಣ ಆಗೇತಿ" ಎಂಬ ಮಾತೇ. ಹಳೆಯ ಚೀಟಿಯ ಮೇಲೆ ನೀವೇ ಶುರು ಮಾಡಬೇಡಿ. ಎದೆ, ಕಂಕುಳು, ಇನ್ನೊಂದು ಸ್ತನದ ಪರೀಕ್ಷೆ, ಬಾಕಿ ಇದ್ದರೆ ಮ್ಯಾಮೊಗ್ರಾಂ, ಗರ್ಭಿಣಿಯಲ್ಲ ಎಂಬ ಖಾತ್ರಿ, ಈಗ ಮುಟ್ಟಿನ ಸ್ಥಿತಿ ಏನು ಎಂಬುದು ಆದ ಮೇಲೆ ಯಾವ ಗುಳಿಗೆ ಎಂದು ನಿರ್ಧಾರವಾಗುತ್ತದೆ. ಈ ಒಂದೂವರೆ ವರ್ಷದಲ್ಲಿ ಮುಟ್ಟು ನಿಂತಿದ್ದರೆ ಗುಳಿಗೆಯೇ ಬದಲಾಗಬಹುದು.

ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕಲಬುರಗಿ ಕೇಂದ್ರಕ್ಕೆ ಕಳಿಸುವಾಗ ಮೂಲ ಐಎಚ್‌ಸಿ ವರದಿ (ಇಆರ್, ಪಿಆರ್, ಹರ್-2 ಬರೆದಿರುವುದು), ಆಪರೇಷನ್ ಪೆಥಾಲಜಿ ವರದಿ, ಕೀಮೋ ಚೀಟಿ, ಆಯುಷ್ಮಾನ್ ಕಾರ್ಡ್ ಜೊತೆಗಿರಲಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಬಸ್ಸು ಹೆಣ್ಣುಮಕ್ಕಳಿಗೆ ಹೇಗೂ ಉಚಿತ. ಬೆಂಗಳೂರಿಗೇ ಹೋಗಬೇಕಾದವರಿಗೆ ರೈಲ್ವೆಯ ಕ್ಯಾನ್ಸರ್ ರಿಯಾಯಿತಿ ಫಾರಂ ಆಸ್ಪತ್ರೆಯಲ್ಲಿ ಸಹಿ ಮಾಡಿಸಿಕೊಳ್ಳಲು ಹೇಳಿ: ಸ್ಲೀಪರ್ ಮತ್ತು 3ಎಸಿಯಲ್ಲಿ ರೋಗಿಗೆ ಪೂರ್ತಿ ಮಾಫಿ, ಜೊತೆಗೆ ಹೋಗುವವರಿಗೆ 75%. ತಪಾಸಣೆಗೆ ಹೋಗುವಾಗಲೂ ಇದು ನಡೆಯುತ್ತದೆ.